ಜಾಡು ಬಿಟ್ಟ ಗಾಡಿ

'ಸರ್ಕಾರಿ ಜಾಗ' ಎಂಬ ಮಾತಿಗೆ ನಮ್ಮ ಕಡೆ ಮೂರು ಅರ್ಥಗಳಿವೆ. ತಾಲ್ಲೂಕು ಕಚೇರಿಯವರ ಬಾಯಲ್ಲಿ ಅದೊಂದು ಸರ್ವೆ ನಂಬರು ಮತ್ತು ವಿಸ್ತೀರ್ಣ. ಕುರಿ ಕಾಯುವವನ ಬಾಯಲ್ಲಿ ಎಲ್ಲರಿಗೂ ಸೇರಿದ್ದು. ಮಿಕ್ಕವರ ಬಾಯಲ್ಲಿ, ಸುಳ್ಳೇಕೆ ಹೇಳಬೇಕು, ಯಾರಿಗೂ ಸೇರದ್ದು. ಎರಡನೆಯ ಅರ್ಥಕ್ಕೂ ಮೂರನೆಯದಕ್ಕೂ ನಡುವೆ ಎಷ್ಟು ದೂರವಿದೆ ಎಂದು ನಾನು ಯೋಚಿಸತೊಡಗಿದ್ದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಗಳಿಗೆ ಭಾನುವಾರದ ಜೀಪುಗಳೂ ಬೈಕುಗಳೂ ಬರಲು ಶುರುವಾದ ಮೇಲೆ.

ಬೆಂಗಳೂರಿನಿಂದ 100 ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಬೆಟ್ಟದ ತಪ್ಪಲು. ಮಧುಗಿರಿಯ ಏಕಶಿಲೆ ಇದೆ, ಚನ್ನರಾಯನದುರ್ಗವಿದೆ, ಸಿದ್ಧರಬೆಟ್ಟವಿದೆ, ನೀರಿಲ್ಲದ ಕೆರೆಯಂಗಳಗಳಿವೆ. ಡಾಂಬರು ರಸ್ತೆ ಬಿಟ್ಟು ಬಂಡೆ, ಕೊರಕಲು, ಕೆಸರುಗಳಲ್ಲಿ ಗಾಡಿ ಓಡಿಸುವುದೇ ಇವರ ಸಂತೋಷ. ಆ ಸಂತೋಷವನ್ನು ನಾನು ಹೀಗಳೆಯುವವನಲ್ಲ. ನನ್ನ ಅಕ್ಕನ ಮಗನೂ ಇದೇ ಗುಂಪಿನವನು. ಅವನ ಪಕ್ಕದಲ್ಲಿ ಕುಳಿತು ಒಂದು ಕಲ್ಲು ಏರಿಯನ್ನು ಹತ್ತಿದಾಗ ನನ್ನ ವಯಸ್ಸಿನಲ್ಲೂ ಎದೆ ಹಾರಿತ್ತು. ಪ್ರಶ್ನೆ ಸಂತೋಷದ್ದಲ್ಲ, ಅದು ನಡೆಯುವ ನೆಲದ್ದು.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ದನಕರು ಮೇಯಲು ಜಾಗ ಮೀಸಲಿಡುವ ಮಾತಿದೆ. ಅದರ ನಿಯಮಗಳಲ್ಲಿ ಲೆಕ್ಕವೂ ಇದೆ: ಪ್ರತಿ 100 ರಾಸುಗಳಿಗೆ 12 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು 30 ಎಕರೆ ಗೋಮಾಳ. ಈ ಲೆಕ್ಕ ಎಷ್ಟು ಊರುಗಳಲ್ಲಿ ಉಳಿದಿದೆ ಎಂಬುದು ಬೇರೆ ಕಥೆ. ಬಗರ್‌ಹುಕುಂ ಎಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದವರು, ಆಶ್ರಯ ನಿವೇಶನ, ಶಾಲೆ, ಸ್ಮಶಾನ, ಕಲ್ಲು ಕ್ವಾರಿ, ಎಲ್ಲರ ಕಣ್ಣೂ ಬಿದ್ದದ್ದು ಅದರ ಮೇಲೆಯೇ. ಇನ್ನು 1988ರ ಮೋಟಾರು ವಾಹನ ಕಾಯ್ದೆ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗವೆಲ್ಲ, ಅದು ಓಡಾಡುವ ದಾರಿಯಾಗಿರಲಿ ಬಿಡಲಿ, ಅದರ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಹಾಗೆ ನೋಡಿದರೆ ಲೈಸೆನ್ಸು, ವಿಮೆ, ಹೆಲ್ಮೆಟ್ಟುಗಳ ಪ್ರಶ್ನೆ ಗೋಮಾಳದಲ್ಲೂ ಏಳುತ್ತದೆ. ಆದರೆ ಹುಲ್ಲಿನ ಮೇಲೆ ಹೇಗೆ ಓಡಿಸಬೇಕು, ಕುರಿ ಮಂದೆ ಎದುರಾದರೆ ಏನು ಮಾಡಬೇಕು ಎಂಬುದು ಯಾವ ಕಾಯ್ದೆಯ ಪುಟದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಂದ ಮುಂದಕ್ಕೆ ಕೆಲಸ ಮಾಡಬೇಕಾದದ್ದು ಮರ್ಯಾದೆ.

ಆ ಮರ್ಯಾದೆ ನಮಗೆ ಹೊಸದೇನಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಅದು ಇತ್ತು. ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿದವರಿಗೆ ಗೊತ್ತು, ಕಾಲುದಾರಿಗೆ ಒಂದು ಗುರುತು, ಬಂಡಿದಾರಿಗೆ ಬೇರೆ ಗುರುತು. ಕಾಲುದಾರಿಯಲ್ಲಿ ಗಾಡಿ ಹೂಡಿಕೊಂಡು ಹೋಗುವ ಹಾಗಿಲ್ಲ. ಬಂಡಿದಾರಿಯಲ್ಲಿ ಖಾಲಿ ಗಾಡಿ ತುಂಬಿದ ಗಾಡಿಗೆ ದಾರಿ ಬಿಡಬೇಕು. ಬೆಳೆ ಕೊಯ್ದ ಹೊಲದಲ್ಲಿ ಅಡ್ಡ ಹಾಯಬಹುದು, ಬಿತ್ತಿದ ಮೇಲೆ ಸುತ್ತಿಕೊಂಡೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಜಾಡು ಇರುವಾಗ ಹೊಸ ಜಾಡು ಹಾಕಬಾರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಜಾಡು ಬಿಟ್ಟರೆ ಎತ್ತೇ ಮೊದಲು ಮುನಿಯುತ್ತಿತ್ತು.

ಅಮೆರಿಕದವರು ಇದನ್ನು ಬರೆದಿಟ್ಟುಕೊಳ್ಳಬೇಕಾಯಿತು. ಅಲ್ಲಿನ ಸರ್ಕಾರಿ ಕಾಡು, ಮರುಭೂಮಿಗಳಲ್ಲಿ ಇಂಥ ಗಾಡಿಗಳ ಹಾವಳಿ ಹೆಚ್ಚಿದಾಗ 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆಜ್ಞೆ ಹೊರಡಿಸಿದರು: ಎಲ್ಲಿ ಓಡಿಸಬಹುದು, ಎಲ್ಲಿ ಕೂಡದು ಎಂದು ಪ್ರತಿ ಇಲಾಖೆಯೂ ಗುರುತು ಮಾಡಬೇಕು. 1977ರಲ್ಲಿ ಕಾರ್ಟರ್ ಅದನ್ನು ಇನ್ನಷ್ಟು ಬಿಗಿ ಮಾಡಿದರು. 1985ರಲ್ಲಿ ಅಲ್ಲಿನ ಅರಣ್ಯ ಇಲಾಖೆ 'ಹಗುರವಾಗಿ ಹೆಜ್ಜೆಯಿಡಿ' ಎಂಬರ್ಥದ ಪ್ರಚಾರವನ್ನೇ ಆರಂಭಿಸಿತು. ಆ ನಿಯಮಗಳನ್ನು ಓದಿದಾಗ ನನಗೆ ನಗು ಬಂತು, ಅಷ್ಟು ಪರಿಚಿತವಾಗಿದ್ದವು. ಇರುವ ಜಾಡಿನಲ್ಲೇ ಹೋಗಿ. ಏರು ಹತ್ತುವವರಿಗೆ ಇಳಿಯುವವರು ದಾರಿ ಬಿಡಿ. ಕುದುರೆ ಎದುರಾದರೆ ಎಂಜಿನ್ ಆರಿಸಿ ನಿಲ್ಲಿ. ನೆಲ ಒದ್ದೆಯಾಗಿದ್ದರೆ ಹೋಗಲೇಬೇಡಿ. ಕುದುರೆಯ ಜಾಗದಲ್ಲಿ ಕುರಿ ಎಂದು ಬರೆದರೆ ಸಾಕು, ಶಿರಾ ತಾಲ್ಲೂಕಿಗೆ ಸರಿಹೋಗುತ್ತದೆ.

ಒಂದು ಜಾಡಿನಿಂದ ಏನು ಮಹಾ ಆಗುತ್ತದೆ? ಇದು ನನ್ನ ಅಕ್ಕನ ಮಗನ ಮೊದಲ ಪ್ರಶ್ನೆ. ನಮ್ಮದು ಕೆಂಪು ಮರಳುಮಿಶ್ರಿತ ನೆಲ. ಮೇಲಿನ ಒಂದೆರಡು ಅಂಗುಲವನ್ನು ಹುಲ್ಲಿನ ಬೇರು ಹಿಡಿದುಕೊಂಡಿರುತ್ತದೆ. ಮಳೆ ಬಂದ ಮಾರನೆಯ ದಿನ, ಕೆಸರಿನ ಆಸೆಗೆ ಗಾಡಿಯವರು ಬರುವುದೂ ಅಂದೇ, ಚಕ್ರ ಆ ಬೇರನ್ನು ಕಿತ್ತುಹಾಕುತ್ತದೆ. ಮುಂದಿನ ಮಳೆಯ ನೀರು ಆ ಗೆರೆಯಲ್ಲೇ ಹರಿಯುತ್ತದೆ. ಎರಡು ಮೂರು ಮಳೆಗಾಲದಲ್ಲಿ ಗೆರೆ ಕೊರಕಲಾಗುತ್ತದೆ. ಕೊರಕಲಾಯಿತೆಂದು ಮುಂದಿನ ಗಾಡಿ ಪಕ್ಕಕ್ಕೆ ಸರಿದು ಇನ್ನೊಂದು ಗೆರೆ ಎಳೆಯುತ್ತದೆ. ಕೊನೆಗೆ ನೋಡಿದರೆ ಜಾಡು ಒಂದಲ್ಲ, ಆರು. ಹಾಕಿದವರು ಯಾರೂ ಕೆಟ್ಟವರಲ್ಲ, ಪ್ರತಿಯೊಬ್ಬನೂ ಒಂದೇ ಒಂದು ಸಲ ಬಂದವನು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ಹೋದರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. ಆಂಧ್ರದ ಗಡಿಗೆ ಅಂಟಿಕೊಂಡ, 800 ಎಕರೆಗೆ ಸ್ವಲ್ಪ ಕಡಿಮೆಯ ಹುಲ್ಲುಗಾವಲು. ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ನದಿಯ ಹೆಸರಿನಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಗಾಡಿ ಬಂದರೆ ಜಿಂಕೆ ಓಡುತ್ತದೆ. ಜಿಂಕೆ ಓಡಿದರೆ ಹಿಂದೆ ಓಡಿಸಬೇಕೆಂಬ ಆಸೆ ಹುಟ್ಟುತ್ತದೆ. ಈ ಆಸೆಗೆ ಇತಿಹಾಸವಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಯಲುಸೀಮೆಯ ಕೃಷ್ಣಮೃಗಗಳನ್ನು ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರು. 1940ರ ದಶಕದ ಕೊನೆಯಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಈ ದೇಶದ ಕೊನೆಯ ಚೀತಾಗಳೆಂದು ಹೇಳಲಾಗುವ ಮೂರನ್ನು ಕೊಂದದ್ದೂ ರಾತ್ರಿ ಮೋಟಾರಿನಲ್ಲಿ ಹೋಗುವಾಗಲೇ. ಈಗ ಬಂದೂಕಿನ ಬದಲು ಕ್ಯಾಮೆರಾ ಇದೆ ಎನ್ನುತ್ತಾರೆ. ಸರಿ, ಓಡುವ ಪ್ರಾಣಿಗೆ ಅದು ಹೇಗೆ ತಿಳಿಯಬೇಕು? ಅಲ್ಲಿ ಟಿಟ್ಟಿಭವೂ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಬರಿಗಾಲಲ್ಲಿ ಹೋಗುವವನಿಗೇ ಕಾಣದು.

ಇಷ್ಟು ಹೇಳಿದ ಮೇಲೆ ಅವನು ಕೇಳಿದ ಎರಡನೆಯ ಪ್ರಶ್ನೆ ಸುಲಭವಾಗಿರಲಿಲ್ಲ.

"ಮಾಮ, ಜಯಮಂಗಲಿಯ ಮರಳನ್ನು ಲಾರಿಗಟ್ಟಲೆ ಹೊತ್ತುಹೋದವರು ಯಾರು? ನಿಮ್ಮ ಊರಿನವರೇ. ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟಿದ್ದು ಸರ್ಕಾರವೇ. ಬೆಟ್ಟ ಒಡೆದವರು, ಗೋಮಾಳ ಉತ್ತವರು, ಅವರನ್ನೆಲ್ಲ ಬಿಟ್ಟು ತಿಂಗಳಿಗೊಮ್ಮೆ ಬರುವ ನನಗೇ ಯಾಕೆ ಪಾಠ?"

ಮಾತು ನಿಜ. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಎದ್ದಿದೆ, 2,050 ಮೆಗಾವಾಟಿನದು. ಅದು ಬಹುಪಾಲು ರೈತರದೇ ಜಮೀನು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು, ಬರ ಕಂಡ ನೆಲದಲ್ಲಿ ಅದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಆದರೆ ಬೀಳುಬಿದ್ದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ, ಅವರಿಗೆ ಗುತ್ತಿಗೆಯೂ ಇಲ್ಲ, ಬೇಲಿ ಬಂತು. ಇಷ್ಟೆಲ್ಲದರ ಎದುರು ಒಂದು ಜೀಪಿನ ಜಾಡು ಯಾವ ಲೆಕ್ಕ?

ದುಡಿಮೆಗಾಗಿ ಮಾಡಿದ್ದು ಕ್ಷಮ್ಯ, ಆಟಕ್ಕಾಗಿ ಮಾಡಿದ್ದು ಅಕ್ಷಮ್ಯ ಎಂದು ಉತ್ತರ ಕೊಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮರಳು ದಂಧೆಯೂ ದುಡಿಮೆಯೇ. ಕೆರೆಯಂಗಳದಲ್ಲಿ ನಮ್ಮ ಹುಡುಗರು ಆಡುವ ಕ್ರಿಕೆಟ್ಟೂ ಆಟವೇ. ಆಟಕ್ಕೆ ಜಾಗ ಬೇಡವೆನ್ನುವ ಊರು ಊರೇ ಅಲ್ಲ. ನನಗೆ ತೋರುವ ವ್ಯತ್ಯಾಸ ಬೇರೆ. ಊರಿನವನು ಗೋಮಾಳವನ್ನು ಕೆಡಿಸಿದರೆ ಸಂಜೆ ಅರಳಿಕಟ್ಟೆಯಲ್ಲಿ ಅದೇ ಮುಖಗಳನ್ನು ನೋಡಬೇಕು. ಬೈಸಿಕೊಳ್ಳುತ್ತಾನೆ, ಬೈಯುತ್ತಾನೆ, ಕೋರ್ಟಿಗೂ ಹೋಗಬಹುದು. ಅಂದರೆ ಅವನನ್ನು ಕೇಳುವವರಿದ್ದಾರೆ. ಜೀಪಿನವನು ಸಂಜೆಗೆ ಯಶವಂತಪುರ ದಾಟಿರುತ್ತಾನೆ. ನಷ್ಟ ಯಾರಿಗಾಯಿತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ತಿಳಿಯದೆ ಇದ್ದವನನ್ನು ಏನೆಂದು ದೂರುವುದು?

ಒಮ್ಮೆ ಶಿರಾದ ಕಡೆ ಕಾವಲಿನಂಚಿನಲ್ಲಿ ನಾವು ಗಾಡಿ ನಿಲ್ಲಿಸಿದ್ದಾಗ ಕುರಿ ಹಿಂಡಿನೊಂದಿಗೆ ಒಬ್ಬ ಮುದುಕ ಬಂದ. ಹೋದ ವಾರ ಬಂದಿದ್ದ ಬೈಕುಗಳ ಮಾತು ಎತ್ತಿದ.

"ಅವ್ರೇನ್ ಕೆಟ್ಟೋರಲ್ಲ ಸಾಮಿ, ಕೈ ಬೀಸುದ್ರು, ನಕ್ರು. ಗಬ್ಬದ ಕುರಿ ಎದ್ರುಕಂಡು ಓಡ್ದೊ. ಒಂದು ಕಂದು ಹಾಕ್ತು."

"ನೀವು ಅವರಿಗೆ ಹೇಳಲಿಲ್ಲವೇ ಅಜ್ಜಾ?" ಎಂದೆ.

"ಯಾರ್ಗೇಳನ? ಅದು ಕಂದು ಹಾಕ್ದಾಗ ಅವ್ರೆಲ್ಲಿದ್ರು, ನಾನೆಲ್ಲಿದ್ದೆ."

ನನ್ನ ಅಕ್ಕನ ಮಗ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಊರಿನವರ ಅಪ್ಪಣೆ ಕೇಳಿ ಹೋದರೆ ಸರಿಯೇ?" ಎಂದ. ಕೇಳಲು ಸರಳ. ಆದರೆ ಊರಿನವರು ಎಂದರೆ ಯಾರು? ನಮ್ಮ ಊರುಗಳ ಹಳೆಯ ಮರ್ಯಾದೆಯನ್ನು ಹೊಗಳುವಾಗ ನಾಲಿಗೆ ಸ್ವಲ್ಪ ಹಿಡಿದುಕೊಳ್ಳಬೇಕು. ಎಲ್ಲರ ಬಾವಿ ಎಂದ ಬಾವಿಯಲ್ಲಿ ಎಲ್ಲರೂ ನೀರು ಸೇದಿದ ಕಾಲ ತೀರಾ ಇತ್ತೀಚಿನದು. ಎಲ್ಲರ ದಾರಿಯಲ್ಲಿ ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದಾರೆ. ಜುಂಜಪ್ಪನನ್ನು ನಂಬಿದ ಕಾಡುಗೊಲ್ಲರು ಹಟ್ಟಿಯ ಬೇಲಿಯೊಳಗೆ ಮೈಲಿಗೆ ಬಾರದಂತೆ ಕಾಯುತ್ತಾರೆ. ಹೊರಗಿನವನು ಅದಕ್ಕೆ ತಲೆಬಾಗಿ ಹೋಗುವುದು ಸೌಜನ್ಯ. ಆದರೆ ಅದೇ ಕಟ್ಟು ಬಾಣಂತಿಯನ್ನೂ ಮಗುವನ್ನೂ ಬೇಲಿಯ ಹೊರಗೆ ಇಡುವಾಗ ಅದಕ್ಕೆ ತಲೆಬಾಗುವುದು ಸೌಜನ್ಯವಲ್ಲ. ಊರಿನ ಯಜಮಾನನಿಗೆ ಒಂದಷ್ಟು ಹಣ ಕೊಟ್ಟು ರಸೀತಿ ಪಡೆದು ಗೋಮಾಳಕ್ಕೆ ಗಾಡಿ ನುಗ್ಗಿಸಿದರೆ, ಅಪ್ಪಣೆಯೇನೋ ಆಯಿತು. ಆ ಯಜಮಾನನ ಕುರಿ ಅಲ್ಲಿ ಒಂದೂ ಮೇಯುತ್ತಿಲ್ಲದಿದ್ದರೆ?

ಆದ್ದರಿಂದ ನಾನು ಅವನಿಗೆ ಹೇಳಿದ್ದು ಇಷ್ಟೇ. ಆ ಹೊತ್ತಿಗೆ ಆ ನೆಲದ ಮೇಲೆ ಯಾರ ಕಾಲಿದೆಯೋ ಅವರನ್ನು ಕೇಳು. ಅವರು ಕುರಿ ಕಾಯುವ ಮುದುಕನಿರಬಹುದು, ಸೌದೆ ಆಯುವ ಹೆಂಗಸಿರಬಹುದು. ಇಳಿದು ಕೇಳು, ಗಾಡಿಯ ಮೇಲೆ ಕೂತು ಕೇಳಬೇಡ; ಕೂತು ಕೇಳಿದರೆ ಅವರು ಇಲ್ಲ ಎನ್ನುವುದಿಲ್ಲ, ಹೆದರಿ ಹೂಂ ಎನ್ನುತ್ತಾರೆ. ಮಂದೆ ಎದುರಾದರೆ ಎಂಜಿನ್ ಆರಿಸು. ಕೆರೆ ಏರಿಯ ಒಳಮೈ ಕಲ್ಲುಕಟ್ಟಣೆಯ ಮೇಲೆ ಹತ್ತಬೇಡ, ಅದು ಸಡಿಲವಾದರೆ ಕೆಳಗಿನ ಗದ್ದೆಯವರ ಗತಿ ಏನೆಂದು ನೋಡು. ಮೈದನಹಳ್ಳಿಗೆ ಗಾಡಿಯಲ್ಲಿ ಹೋಗಲೇಬೇಡ, ಬೇಕಾದರೆ ನಡೆದು ನೋಡೋಣ. ಅಲ್ಲಿನ ಜಿಂಕೆಗಳು ರಾತ್ರಿ ಸುತ್ತಲ ಹೊಲಗಳಿಗೆ ಇಳಿಯುತ್ತವೆ. ಕಡಲೆಕಾಯಿ ಬಿತ್ತಿದವನು ನಿದ್ದೆಗೆಟ್ಟು ಕಾಯುತ್ತಾನೆ. ನೀವು ಹಗಲು ಬಂದು ಅಟ್ಟಿದರೆ ಅವು ಹೋಗುವುದೂ ಅವನ ಹೊಲಕ್ಕೇ.

ಅವನು ವಾದ ಬಿಡುವ ಹುಡುಗನಲ್ಲ. "ಇಷ್ಟು ಕಟ್ಟುಪಾಡು ಇಟ್ಟುಕೊಂಡರೆ ಓಡಿಸುವ ಮಜಾ ಎಲ್ಲಿ?" ಎಂದ. ನಾನು ಕಗ್ಗಲಡುವಿನ ಮಾತು ಹೇಳಿದೆ. ಶಿರಾ ತಾಲ್ಲೂಕಿನ ಆ ಹಳ್ಳಿಯ ಹುಣಸೆಮರಗಳಲ್ಲಿ ವರ್ಷವರ್ಷವೂ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಮನೆಗಳ ತಲೆಯ ಮೇಲೆಯೇ. ಹಿಕ್ಕೆ ಬೀಳುತ್ತದೆ, ಕೊಳೆತ ಮೀನಿನ ವಾಸನೆ ಬರುತ್ತದೆ. ಅಲ್ಲಿನ ಜನ ಅದನ್ನು ಸಹಿಸಿಕೊಂಡೇ ಬದುಕಿದ್ದಾರೆ, ಹಕ್ಕಿಗೆ ಕಲ್ಲು ಹೊಡೆಯಲು ಬಿಡುವುದಿಲ್ಲ. ಅವರಿಗೂ ಮಜಾ ಇಲ್ಲವೆಂದಲ್ಲ. ಹಬ್ಬ ಇದೆ, ಮದುವೆ ಇದೆ, ಮೈಕು ಬೇಕೆನ್ನುವ ಹುಡುಗರಿದ್ದಾರೆ. ಅಲ್ಲಿ ಒಮ್ಮೆ ಹಾರನ್ ಹೊಡೆದುಕೊಂಡು ಬಂದ ಬೈಕಿನ ಹುಡುಗನಿಗೆ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದ ಒಬ್ಬಾಕೆ ತಲೆ ಎತ್ತದೆಯೇ, "ಮರಿ ಐತೆ ಕಣಪ್ಪ, ಸುಮ್ಕೆ ಓಗು" ಎಂದದ್ದನ್ನು ನಾನೇ ಕೇಳಿದ್ದೇನೆ. ಅವನು ಎಂಜಿನ್ ಆರಿಸಿ ಬೀದಿಯ ತುದಿಯವರೆಗೆ ಬೈಕನ್ನು ತಳ್ಳಿಕೊಂಡು ಹೋದ.

"ಅದು ಹಳ್ಳಿಯ ಬೀದಿ ಮಾಮ, ಬಯಲಲ್ಲಿ ಹಾಗೆ ಹೇಳುವವರು ಯಾರಿರುತ್ತಾರೆ?" ಎಂದ ನನ್ನ ಅಕ್ಕನ ಮಗ. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಮುಂದಿನ ಭಾನುವಾರ ಪಾವಗಡದ ಕಡೆ ಹೊರಟಿದ್ದಾರಂತೆ, ಮೂರು ಗಾಡಿ. ನಾನೂ ಬರುತ್ತೇನೆ ಎಂದಿದ್ದೇನೆ. ಶನಿವಾರ ಮಳೆ ಬಂದರೆ ಹೋಗುವುದಿಲ್ಲ ಎಂದು ಅವನೇ ಹೇಳಿದ್ದಾನೆ.