ಬೇಲಿಯ ಕಂಬ ಮತ್ತು ಶ್ರಾವಕನ ಯತ್ನಾಚಾರ

ಗೃಹಸ್ಥನ ಅಹಿಂಸೆಯು ದೇವರಕೋಣೆಗೂ ಅಡುಗೆಮನೆಗೂ ಸೀಮಿತವಾದುದಲ್ಲ. ತೋಟದ ಬೇಲಿಯಲ್ಲಿಯೂ ಅದರ ಪರೀಕ್ಷೆ ನಡೆಯುತ್ತದೆ. ಬಸದಿಯ ಹೂದೋಟಕ್ಕೋ ಸ್ವಂತ ಜಮೀನಿಗೋ ಮರದ ಕಂಬಗಳನ್ನು ನೆಟ್ಟವರು ಕೆಲವೇ ವರ್ಷಗಳಲ್ಲಿ ಅವು ನೆಲಮಟ್ಟದಲ್ಲಿ ಕೊಳೆತು ಮುರಿಯುವುದನ್ನು ಕಾಣುತ್ತಾರೆ. ವಿಷ ಹಾಕಿರೆಂಬ ಸಲಹೆ ಆಗ ಸುಲಭವಾಗಿ ದೊರೆಯುತ್ತದೆ. ಅಣುವ್ರತಿಯಾದ ಶ್ರಾವಕನು ಹಾಗೆ ಮಾಡಬಹುದೇ? ಮಾಡದಿದ್ದರೆ, ಕಂಬ ಮುರಿದಾಗಲೆಲ್ಲ ಇನ್ನೊಂದು ಮರವನ್ನು ಕಡಿಸುವುದು ಹಿಂಸೆಯಲ್ಲವೇ?

ಉತ್ತರಕ್ಕೆ ಮೊದಲು ಕಾರಣವನ್ನು ತಿಳಿಯಬೇಕು. ಮರವನ್ನು ಕೊಳೆಯಿಸುವುದು ಶಿಲೀಂಧ್ರ. ಅದಕ್ಕೆ ತೇವವೂ ಗಾಳಿಯೂ ಒಟ್ಟಿಗೆ ಬೇಕು. ಮರದ ತೇವಾಂಶವು ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಕೊಳೆ ಹಿಡಿಯಲಾರದು. ಕಂಬದ ಮೇಲ್ಭಾಗ ಬಿಸಿಲಿಗೆ ಒಣಗುತ್ತದೆ. ಮಣ್ಣಿನ ಆಳದಲ್ಲಿ ಗಾಳಿ ವಿರಳ. ನೆಲಮಟ್ಟದ ಆಸುಪಾಸಿನಲ್ಲಿ ಎರಡೂ ಕೂಡುತ್ತವೆ. ಗೆದ್ದಲು ಏರಿಬರುವುದೂ ಅಲ್ಲಿಂದಲೇ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಮೊದಲನೆಯದನ್ನು ಬಿಡಲೇಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಗೆದ್ದಲು ಹತ್ತಿದ ಮೇಲೆ ಹುತ್ತಕ್ಕೆ ಔಷಧ ಸುರಿಯುವುದು ಕೊಲ್ಲುವ ಉದ್ದೇಶದಿಂದಲೇ. ಜೀವೋತ್ಪತ್ತಿಗೆ ಎಡೆಯಾಗದಂತೆ ಮರವನ್ನು ಒಣಗಿರುವಂತೆ ನೋಡಿಕೊಳ್ಳುವುದು ಬೇರೆಯೇ ಬಗೆಯದು. ಧಾನ್ಯವನ್ನು ಬಿಸಿಲಿಗೆ ಒಣಗಿಸಿ ಶೇಖರಿಸುವ ಮನೆಗಳಿಗೆ ಈ ಭೇದ ಹೊಸದಲ್ಲ.

ನಡುವಿನ ಮಾರ್ಗವೊಂದುಂಟು. ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಸಂಯುಕ್ತವನ್ನು ಮರದ ರಕ್ಷಣೆಗಾಗಿ ರೂಪಿಸಿದರು. ಅದನ್ನು ಒತ್ತಡದಿಂದ ಹೀರಿಸಿದ ಕಂಬ ದಶಕಗಳ ಕಾಲ ಬಾಳುತ್ತದೆ. ಅಷ್ಟು ಮರಗಳು ಉಳಿಯುತ್ತವೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯದು. ಹಳೆಯ ಕಂಬ ಬಚ್ಚಲೊಲೆಗೆ ಸೇರಿದರೆ ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. ಆ ಬೂದಿ ಪಾತ್ರೆ ತಿಕ್ಕಲೂ ಗಿಡದ ಬುಡಕ್ಕೂ ಹೋಗುತ್ತದೆ. ಅಮೆರಿಕದ ತಯಾರಕರು 2003ರ ಕೊನೆಗೆ ವಸತಿ ಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ನಿಲ್ಲಿಸಿದರು. ಶ್ರಾವಕನು ವರ್ಜಿಸಬೇಕಾದ ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಅಂತಹ ಮರವನ್ನು ಸುಡಬಾರದೆಂದು ಕೊಳ್ಳುವವನಿಗೆ ತಿಳಿಸದೆ ಮಾರುವ ವರ್ತಕನು ಈ ಮಾತನ್ನು ಚಿಂತಿಸಬೇಕು.

ಹಾಗಾದರೆ ವಿಹಿತವಾದುದು ಯಾವುದು? ಹಳೆಯ ತೊಟ್ಟಿಮನೆಗಳ ಮರದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ. ಮರವು ಮಣ್ಣನ್ನು ಮುಟ್ಟದು. ಬೇಲಿಗೂ ಇದೇ ನ್ಯಾಯ. ಕಲ್ಲುಕಂಬ ದೊರೆಯುವಲ್ಲಿ ಅದನ್ನೇ ನೆಡಬಹುದು. ಮರವೇ ಬೇಕಾದರೆ ಹೊರಭಾಗದ ಬಿಳಿಯ ಮರವನ್ನು ಬಿಟ್ಟು ಸಾಗುವಾನಿಯಂತಹ ಮರದ ತಿರುಳನ್ನು ಆರಿಸಿ, ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಪಟ್ಟಿಗೆ ನೆಲದಿಂದ ಮೇಲಕ್ಕೆ ಬಿಗಿಯಬೇಕು. ಮಣ್ಣಿನಲ್ಲೇ ನೆಡುವುದಾದರೆ ತಳಕ್ಕೆ ಜಲ್ಲಿ ಹಾಸಿ, ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ತುದಿಯನ್ನು ಸುಟ್ಟು ಕರಿಯಾಗಿಸಿ ನೆಡುವ ರೂಢಿಯಿದೆಯಾದರೂ, ಆ ತೆಳುವಾದ ಇದ್ದಿಲ ಪದರವನ್ನು ನಂಬುವಂತಿಲ್ಲ.

ಇದಕ್ಕೆ ಆರಂಭದಲ್ಲಿ ಖರ್ಚು ಹೆಚ್ಚು. ಕಡಿಮೆ ದರವನ್ನು ಮಾತ್ರ ನೋಡಿ ಒಪ್ಪಿಗೆ ಕೊಡುವ ಬಸದಿಯ ಆಡಳಿತ ಮಂಡಳಿಗಳು, ಮುಂದೆ ಕಡಿಯಬೇಕಾದ ಮರಗಳನ್ನೂ ಸುರಿಯಬೇಕಾದ ವಿಷವನ್ನೂ ಆ ದರಕ್ಕೆ ಕೂಡಿಸಿ ನೋಡುವುದು ಉಚಿತ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಕಂಬ ನೆಡುವ ದಿನ ತೋರಿದ ಪ್ರಮಾದವೇ ಮುಂದೆ ವಿಷದ ಡಬ್ಬಿಯನ್ನು ಕೈಗೆ ಕೊಡುತ್ತದೆ. ಆದುದರಿಂದ ಶ್ರಾವಕನ ಯತ್ನಾಚಾರವು ಗುಂಡಿ ತೋಡುವ ಮೊದಲೇ ಆರಂಭವಾಗಬೇಕು.