ರಾಗವೂ ರೋಗವೂ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯ ಪೂರ್ವಾರ್ಧವನ್ನು, ಮಕ್ಕಳನ್ನು ಓದಿಗೆ ಕೂಡಿಸುವ ಹೊತ್ತಿನಲ್ಲೆಲ್ಲ ಹಿರಿಯರು ಬಳಸಿ ಸವೆಸಿರುವುದರಿಂದ, ಅದು ಅಭ್ಯಾಸಬಲದ ಸ್ತುತಿಯೆಂದೇ ರೂಢಿಯಾಗಿಬಿಟ್ಟಿದೆ. ಉತ್ತರಾರ್ಧದ ಗೊಡವೆಗೆ ಹೋಗುವವರು ವಿರಳ. ಎರಡನ್ನೂ ಜೊತೆಗಿಟ್ಟು ನೋಡಿದಾಗಲ್ಲವೆ ಅದರ ನಿಷ್ಠುರತೆ ಅರಿವಿಗೆ ಬರುವುದು: ಮತ್ತೆ ಮತ್ತೆ ಮಾಡಿದ್ದು ಬೆಳೆಯುತ್ತದೆ, ಬೆಳೆಯುತ್ತಿರುವುದು ಒಳಿತೋ ಕೆಡುಕೋ ಎಂದು ಆವೃತ್ತಿಯು ವಿಚಾರಿಸುವುದಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ನರಳಿಕೆಯೆಂಬುದು ಒಂದು ಬಗೆಯ ಶಿಷ್ಟಾಚಾರವೇ ಸರಿ. ಪರೀಕ್ಷೆ ಸಮೀಪಿಸಿದ ದಿನಗಳಲ್ಲಿ ವಿದ್ಯಾರ್ಥಿನಿಲಯದ ಪಡಸಾಲೆಯಲ್ಲಿ ಇಬ್ಬರು ಸಂಧಿಸಿದರೆಂದರೆ, ಕುಶಲಪ್ರಶ್ನೆಗೆ ಬದಲಾಗಿ ಯಾರು ಹೆಚ್ಚು ನಿದ್ದೆಗೆಟ್ಟರೆಂಬ ಸ್ಪರ್ಧೆ ನಡೆಯುತ್ತದೆ, ಸೋತವರು ನಾಚುತ್ತಾರೆ. 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದಂದಿನಿಂದ ವಿದ್ಯಾರ್ಥಿಗಳ ಊರೆನಿಸಿಕೊಳ್ಳುತ್ತ ಬಂದಿರುವ ಧಾರವಾಡದಲ್ಲಿ ಇದಕ್ಕೆ ಉಪಶಮನಗಳೂ ಇಲ್ಲದಿಲ್ಲ: ಜಡಿಮಳೆಯ ಸಂಜೆಗೊಂದು ತಟ್ಟೆ ಗಿರಮಿಟ್ಟು, ಮಿರ್ಚಿ, ಚಹಾ, ರಾತ್ರಿಗೆ ಅವ್ವ ಕೊಟ್ಟು ಕಳಿಸಿದ ಕೌದಿ. ಈ ಅಲ್ಪಸುಖಗಳನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೂ ಚಹಾ ಮುಗಿದೊಡನೆ ನರಳಿಕೆ ನಿಂತಲ್ಲಿಂದಲೇ ಮುಂದುವರಿಯುವುದನ್ನು ಕಂಡರೆ, ಒಂದು ಆವೃತ್ತಿಯನ್ನು ಕದಲಿಸಲು ಇನ್ನೊಂದು ಆವೃತ್ತಿಯೇ ಬೇಕೆಂದು ತೋರುತ್ತದೆ.

ಆ ಸೀಮೆಯವರಿಗೆ ಅದು ಕೈಯಳತೆಯಲ್ಲಿಯೇ ಇದೆ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳನ್ನು ಮೂಡಿಸುವ ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳುಂಟು. ಹೊಸಬರು ಒಂದು ತುಂಡು ಮ್ಯಾಟಿ ಬಟ್ಟೆ, ಒಂದು ಲಡಿ ಕೆಂಪು ದಾರ ತಂದುಕೊಂಡು ಗಾವಂತಿಯಿಂದ ತೊಡಗಬಹುದು; ಗಂಡುಹುಡುಗರು ಸೂಜಿ ಹಿಡಿದರೂ ಆಕಾಶವೇನೂ ಕಳಚಿ ಬೀಳದು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಎಳೆಗಳನ್ನು ಎಣಿಸಬೇಕು. ಗಂಟು ಹಾಕುವಂತಿಲ್ಲ, ಏಕೆಂದರೆ ಒಳಮೈ ಹೊರಮೈ ಎರಡೂ ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಸೂಜಿಯು ಒಂದು ಹೊಲಿಗೆಯನ್ನು ಮೇಲೆ, ಒಂದನ್ನು ಕೆಳಗೆ ಬಿಡುತ್ತ ಸಾಗಿ, ಮರಳುವಾಗ ಅದೇ ರಂಧ್ರಗಳ ಮೂಲಕ ಹಾಯ್ದು, ಬಿಟ್ಟ ತೆರಪುಗಳನ್ನು ತುಂಬುತ್ತ ಬರುತ್ತದೆ. ಆದಕಾರಣ ಅರ್ಧದಾರಿಯಲ್ಲಿ ಯಾವ ಗೋಪುರವೂ ಗೋಪುರದಂತೆ ಕಾಣುವುದಿಲ್ಲ. ಒಂದು ಎಳೆ ಲೆಕ್ಕ ತಪ್ಪಿತೋ, ಮರಳುವ ದಾರಿ ಕೂಡುವುದಿಲ್ಲ. ಬಿಚ್ಚಿ ಮತ್ತೆ ಎಣಿಸಬೇಕು.

ಗಾದೆಯು ಬಾಯ್ಬಿಟ್ಟು ಹೇಳದ ಒಂದು ಔದಾರ್ಯವು ಈ ಬಿಚ್ಚುವಿಕೆಯಲ್ಲಿ ಗೋಚರಿಸುತ್ತದೆ. ಹಾಡುತ್ತ ಹಾಡುತ್ತ ರಾಗವೆಂದಮೇಲೆ, ಮೊದಮೊದಲ ಹಾಡು ಅಪಸ್ವರವಾಗಿರಲು ಅದರಲ್ಲಿ ಅನುಮತಿಯಿದ್ದೇ ಇದೆ. ಪಾಠಶಾಲೆಯಲ್ಲಿ ಆ ಅನುಮತಿ ದೊರೆಯುವುದು ದುರ್ಲಭ: ಅಲ್ಲಿ ಪ್ರತಿಯೊಂದು ಅಪಸ್ವರಕ್ಕೂ ಅಂಕ ಕಳೆಯುವ ವ್ಯವಸ್ಥೆಯಿದೆ. ಕೆಟ್ಟ ಕಸೂತಿಗೆ ಅಂಕಪಟ್ಟಿಯಿಲ್ಲ. ಎಳೆ ಎಣಿಸುವಾಗ ಮನಸ್ಸು ನಾಳಿನ ಪತ್ರಿಕೆಯನ್ನು ನೆನೆದು ನರಳಹೊರಟರೆ ಎಣಿಕೆಯೇ ತಪ್ಪುವುದರಿಂದ, ಆ ಅರ್ಧ ಗಂಟೆಯ ಮಟ್ಟಿಗಾದರೂ ರೋಗಕ್ಕೆ ಆಸ್ಪದ ಕಡಿಮೆ. ಹೊತ್ತು ಹಾಳಾಯಿತೆಂದು ಹಿರಿಯರು ಗೊಣಗಿದರೆ, ಗಾದೆಯನ್ನು ಅವರಿಗೆ ಪೂರ್ತಿಯಾಗಿ ಒಪ್ಪಿಸಬಹುದು.

ಆದರೆ ಈ ವ್ಯಾಖ್ಯಾನಕ್ಕೆ ಒಂದು ಮೇರೆಯುಂಟು. ಹುಬ್ಬಳ್ಳಿ-ಧಾರವಾಡಗಳಲ್ಲಿ ಕಸೂತಿಯಿಂದಲೇ ಸಂಸಾರ ತೂಗಿಸುವ ಹೆಣ್ಣುಮಕ್ಕಳಿದ್ದಾರೆ. ಗೊತ್ತಾದ ದಿನಕ್ಕೆ ಸೀರೆ ಮುಗಿಸಿಕೊಡಬೇಕಾದ ಅವರ ಮುಂದೆ ಸೂಜಿಯ ನೆಮ್ಮದಿಯನ್ನು ಬಣ್ಣಿಸುವುದು ಅನುಚಿತ. ಕಣ್ಣು ಕತ್ತುಗಳ ನೋವಿನ ಅವರ ನರಳಿಕೆ ಅಭ್ಯಾಸದಿಂದ ಬಂದದ್ದಲ್ಲ, ಅದಕ್ಕೆ ತಕ್ಕ ಮದ್ದು ತಕ್ಕ ಕೂಲಿ. ಒಂದು ಗೋಪುರವನ್ನಾದರೂ ತಾನೇ ತುಂಬಿಸಿ ನೋಡಿದ ವಿದ್ಯಾರ್ಥಿನಿ ಪೇಟೆಯಲ್ಲಿ ಕಸೂತಿ ಸೀರೆಯ ಬೆಲೆ ಕೇಳಿ ಹುಬ್ಬೇರಿಸಲಾರಳೆಂದು ನನ್ನ ಎಣಿಕೆ.