ಉಗ್ರಾಣದ ದೇವಾಲಯ



ಇಂದು ನಾವು ಸ್ಮರಿಸುವ ಸಂತ ಗೊನ್ಸಾಲೊ ಗಾರ್ಸಿಯಾ ನಮ್ಮದೇ ಪಡುಗಡಲ ತೀರದ ವಸಾಯಿಯವರು. 1597ರ ಫೆಬ್ರುವರಿ 5ರಂದು ನಾಗಸಾಕಿಯ ಗುಡ್ಡದಲ್ಲಿ ಇಪ್ಪತ್ತೈದು ಮಂದಿಯ ಜೊತೆ ಶಿಲುಬೆಗೇರಿದರು. ಆ ಕತೆ ನಿಮಗೆ ಗೊತ್ತು. ಅವರ ನಂತರ ಉಳಿದವರ ಕತೆ ಹೇಳುತ್ತೇನೆ.

1614ರಲ್ಲಿ ಜಪಾನ್ ದೇಶದಲ್ಲೆಲ್ಲ ಕ್ರೈಸ್ತಧರ್ಮಕ್ಕೆ ನಿಷೇಧ ಬಂತು. 1644ರಲ್ಲಿ ಕೊನೆಯ ಗುರುವೂ ಹತರಾದರು. 18ನೇ ಶತಮಾನದ ಜಪಾನಿನಲ್ಲಿ ಹುಡುಕಿದರೂ ಒಂದು ಚರ್ಚು ಸಿಗದು. ಇಕಿತ್ಸುಕಿ ದ್ವೀಪದಲ್ಲಿ ಮನೆಯ ಉಗ್ರಾಣವೇ ದೇವಾಲಯ. ಅಲ್ಲಿ ಸುರುಳಿ ಸುತ್ತಿಟ್ಟ ಒಂದು ಚಿತ್ರಪಟ: ಕಿಮೋನೊ ಉಟ್ಟ ಮರಿಯಮ್ಮ, ತೋಳಲ್ಲಿ ಮಗು. ಪಟ ಹಳತಾಗಿ ಮಾಸಿದರೆ ನೋಡಿ ಹೊಸದೊಂದು ಬರೆಯುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಒಗೆಯುವುದು’. ನನಗಂತೂ ಬಲು ಇಷ್ಟವಾದ ಮಾತಿದು. ಹಾಗೆ ಒಗೆದೊಗೆದು ಮಾತೆಯ ಮುಖ ಆ ಊರ ಹೆಂಗಸಿನ ಮುಖವೇ ಆಯಿತು.

ನಾಗಸಾಕಿಯಲ್ಲಿ ಇನ್ನೊಂದು ಬಗೆಯ ಚಿತ್ರಗಳಿದ್ದವು. 1669ರಲ್ಲಿ ಅಧಿಕಾರಿಗಳು ಎರಕ ಹೊಯ್ಯಿಸಿದ ಹಿತ್ತಾಳೆ ಫಲಕಗಳು, ಯೇಸುವಿನವು, ಮಾತೆಯವು. ವರ್ಷದ ಆರಂಭದಲ್ಲಿ ತಾವು ಕ್ರೈಸ್ತರಲ್ಲವೆಂದು ತೋರಿಸಲು ಪ್ರತಿಯೊಬ್ಬರೂ ಅವನ್ನು ತುಳಿಯಬೇಕಿತ್ತು. ತುಳಿದರು. ಮನೆಗೆ ಬಂದು ಪಶ್ಚಾತ್ತಾಪದ ಜಪ ಹೇಳಿಕೊಂಡರು. ಪಾಪನಿವೇದನೆ ಕೇಳಲು ಗುರುಗಳಿರಲಿಲ್ಲವಲ್ಲ. ಕಾಲಡಿಯಲ್ಲಿ ಸವೆದು ಆ ಮುಖಗಳು ನುಣ್ಣಗಾದವು. ತುಳಿದವರನ್ನು ಹೇಡಿಗಳೆನ್ನಲು ನನಗೆ ನಾಲಿಗೆ ಏಳುವುದಿಲ್ಲ. 1784ರಲ್ಲಿ ನಮ್ಮ ಕರಾವಳಿಯ ಚರ್ಚುಗಳೂ ಉರುಳಿದವು, ನಮ್ಮ ಹಿರಿಯರೂ ಶ್ರೀರಂಗಪಟ್ಟಣದ ಸೆರೆಗೆ ನಡೆದರು. 1799ಕ್ಕೆ ಅದು ಮುಗಿಯಿತು. ಜಪಾನಿನ ಕ್ರೈಸ್ತರು ಗುರುಗಳಿಲ್ಲದೆ ಕಳೆದದ್ದು ಇನ್ನೂರಿಪ್ಪತ್ತು ವರ್ಷ. ಮಗುವಿಗೆ ದೀಕ್ಷಾಸ್ನಾನ ಕೊಡಲು ಒಬ್ಬ, ಹಬ್ಬದ ದಿನಗಳ ಲೆಕ್ಕವಿಡಲು ಒಬ್ಬ, ಎಲ್ಲರೂ ರೈತರು, ಬೆಸ್ತರು. ಲತೀನ್ ಜಪಗಳು ಬಾಯಿಂದ ಬಾಯಿಗೆ ದಾಟಿ ಅರ್ಥ ಕಳೆದುಕೊಂಡವು. ಜಪ ಮಾತ್ರ ನಿಲ್ಲಲಿಲ್ಲ.

ಜಪಾನು ಹೊರಗಿನವರಿಗೆ ಬಾಗಿಲು ತೆರೆದ ಮೇಲೆ ಫ್ರೆಂಚ್ ಗುರುಗಳು ನಾಗಸಾಕಿಯ ಔರಾದಲ್ಲಿ ವಿದೇಶಿಯರಿಗೆಂದು ಒಂದು ಚರ್ಚು ಕಟ್ಟಿ, ಗೊನ್ಸಾಲೊ ಮತ್ತು ಸಂಗಡಿಗರ ಹೆಸರಿಗೆ ಅರ್ಪಿಸಿದರು. 1865ರ ಮಾರ್ಚ್ 17ರಂದು ಉರಕಾಮಿ ಹಳ್ಳಿಯ ಕೆಲವರು ಬಾಗಿಲಿಗೆ ಬಂದರು. ಒಬ್ಬ ಹೆಂಗಸು ಫಾದರ್ ಪೆಟಿಜಾನರ ಬಳಿ ಸರಿದು, ನಿಮ್ಮ ಮನಸ್ಸೂ ನಮ್ಮ ಮನಸ್ಸೂ ಒಂದೇ ಎಂದು ಪಿಸುಗುಟ್ಟಿದಳು. ಸಾಂತಾ ಮರಿಯಾ ಎಲ್ಲಿ ಎಂದು ಕೇಳಿದಳು. ಅವರು ಪ್ರತಿಮೆಯ ಮುಂದೆ ಕರೆದೊಯ್ದರು. ಉರಕಾಮಿಯವರು ಗುಟ್ಟಾಗಿ ಪೂಜಿಸಿದ್ದು ಚೀನಾದ ಬಿಳಿ ಪಿಂಗಾಣಿಯ ಕನ್ನೊನ್ ದೇವಿಯನ್ನು, ಮರಿಯಮ್ಮನೆಂದು. ಇಲ್ಲಿ ನಿಂತಿದ್ದವಳು ಯುರೋಪಿನ ಮುಖದವಳು. ಆದರೂ ಗುರುತು ಹತ್ತಿತು. ತೋಳಲ್ಲಿ ಮಗುವಿತ್ತು.